ಅಲೆಮಾರಿಗಳೂ ಅರಸೊತ್ತಿಗೆಯೂ: ದಖ್ಖಣದ ಲಂಬಾಣಿಗರನ್ನು ಕುರಿತು

ಅಲೆಮಾರಿ ಜನಾಂಗಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ನೆಲೆನಿಂತ ಜನರೇ. ಚೀನದ ಇತಿಹಾಸಕಾರ ಸಿಮಾ ಚಿಯೆನ್ನನು ಕ್ರಿ. ಪೂ. ಒಂದನೆಯ ಶತಮಾನದ ಆದಿಯಲ್ಲಿ ಉತ್ತರದ ಶಿಯೊಂಗ್‌ನು ಕುಲಗಳನ್ನು ವರ್ಣಿಸುವಾಗ, ಅವರಿಗೆ ಕೋಟೆಗಳಿಲ್ಲ, ಸ್ಥಿರವಾದ ವಸತಿಯಿಲ್ಲ, ಲಿಪಿಯಿಲ್ಲ, ಬಾಯಿಮಾತೇ ಕರಾರು ಎಂದು ಇಲ್ಲದವುಗಳನ್ನೇ ಎಣಿಸಿದನು. ಆದರೆ ಈ ಜನರೇ ಕ್ರಿ. ಪೂ. 200ರಲ್ಲಿ ಹಾನ್ ಚಕ್ರವರ್ತಿ ಗಾವೋಜುವನ್ನು ಏಳು ದಿನ ಮುತ್ತಿದ್ದರು. ಆ ಬಳಿಕ ಚೀನದ ಆಸ್ಥಾನವು ರಾಜಕುಲದ ಕನ್ಯೆಯನ್ನೂ ವರ್ಷವರ್ಷವೂ ರೇಷ್ಮೆ, ಧಾನ್ಯಗಳನ್ನೂ ಕಳುಹಿಸಿ ಅವರಿಂದ ಶಾಂತಿಯನ್ನು ಕೊಳ್ಳಬೇಕಾಯಿತು.

ಅಲ್ಲಿ ಧಾನ್ಯವು ರಾಜ್ಯದಿಂದ ಅಲೆಮಾರಿಗೆ ಹೋಗುತ್ತಿತ್ತು. ನಮ್ಮ ದಖ್ಖಣದಲ್ಲಿ ರಾಜ್ಯದ ಧಾನ್ಯವನ್ನು ಹೊತ್ತವನೇ ಅಲೆಮಾರಿ. ಅವನು ಗಡಿಯಾಚೆಯ ಶತ್ರುವಲ್ಲ, ರಾಜ್ಯದ ಒಳಗೇ ಸಂಚರಿಸುತ್ತಿದ್ದ ಅದರ ಉಗ್ರಾಣ. ಹೈದರಾಬಾದಿನಲ್ಲಿ ವಾಸಿಸುವ ನಾವು ದಿನವೂ ಉಚ್ಚರಿಸುವ ಬಂಜಾರಾ ಹಿಲ್ಸ್ ಎಂಬ ಹೆಸರಿನಲ್ಲಿ ಈ ಜನರ ನೆನಪು ಉಳಿದಿದೆ; ಆ ಗುಡ್ಡದ ಇಂದಿನ ಬೆಲೆಯನ್ನು ಬಲ್ಲವರಿಗೆ ಆ ಹೆಸರು ತುಸು ವಿಚಿತ್ರವಾಗಿಯೇ ಕೇಳಿಸೀತು. 'ಬಂಜಾರ' ಪದವನ್ನು ಸಾಮಾನ್ಯವಾಗಿ ವಾಣಿಜ್ಯವಾಚಕವಾದ ಸಂಸ್ಕೃತ ಮೂಲಕ್ಕೆ ಒಯ್ಯುತ್ತಾರೆ. ನಮ್ಮ 'ಬಣಜಿಗ'ನೂ ಅದೇ ಬಳ್ಳಿಯವನು. 'ಲಂಬಾಣಿ'ಯನ್ನು ಲವಣದೊಡನೆ ಜೋಡಿಸುವುದುಂಟು.

1632ರಲ್ಲಿ ಪೀಟರ್ ಮಂಡಿ ಎಂಬ ಆಂಗ್ಲ ಪ್ರವಾಸಿಯು ಉತ್ತರ ಭಾರತದ ದಾರಿಯಲ್ಲಿ ಎದುರಾದ ಒಂದು ತಾಂಡದಲ್ಲಿ 14,000 ಎತ್ತುಗಳಿದ್ದವೆಂದೂ, ಒಂದೊಂದರ ಮೇಲೂ ಸರಾಸರಿ ನಾಲ್ಕು ದೊಡ್ಡ ಮಣ ಧಾನ್ಯವಿತ್ತೆಂದೂ ಬರೆದಿದ್ದಾನೆ. ಅಂದರೆ ಒಂದೇ ತಾಂಡ ಸಾಗಿಸುತ್ತಿದ್ದ ಹೊರೆ 56,000 ಮಣ. ನಡಿಗೆ ದಿನಕ್ಕೆ ಆರೇಳು ಮೈಲಿಯಷ್ಟೆ. ಇಷ್ಟು ನಿಧಾನವಾದ ಸಾಗಣೆ ಹೇಗೆ ಲಾಭಕರವಾಯಿತು? ಲೆಕ್ಕದ ಪುಸ್ತಕಗಳ ನಡುವೆ ಜೀವ ಸವೆಸುವ ನನ್ನಂಥವನಿಗೆ ಈ ಪ್ರಶ್ನೆಯೇ ಮುಖ್ಯವೆನಿಸುತ್ತದೆ. ಉತ್ತರವು ಹುಲ್ಲಿನಲ್ಲಿದೆ. ಎತ್ತುಗಳು ದಾರಿಯುದ್ದಕ್ಕೂ ಬೀಳುನೆಲದಲ್ಲಿ ಮೇಯುತ್ತ ಹೋಗುತ್ತಿದ್ದವು, ಮೇವಿಗೆ ಕಾಸಿಲ್ಲ. ಸಂಸಾರವೇ ಜೊತೆಯಲ್ಲಿ ನಡೆಯುತ್ತಿದ್ದುದರಿಂದ ಆಳುಗಳಿಗೆ ಕೂಲಿಯಿಲ್ಲ, ಮನೆಗೆ ಮರಳುವ ಅವಸರವಿಲ್ಲ. ಗಾಡಿ ಹೋಗದ ಘಟ್ಟಗಳನ್ನೂ ಹೊರೆ ಹೊತ್ತ ಎತ್ತು ಹತ್ತುತ್ತಿತ್ತು. ಹೀಗೆ ಕರಾವಳಿಯ ಉಪ್ಪು ಒಳನಾಡಿಗೂ, ಒಳನಾಡಿನ ಕಾಳು ದಂಡಿನ ಬಿಡಾರಕ್ಕೂ ತಲುಪಿತು. ಅಲೆದಾಟವು ಅವರ ಸ್ವಭಾವದ ಚಾಂಚಲ್ಯವೆಂದು ಬರೆದವರುಂಟು. ಅದು ಅವರ ಬಂಡವಾಳವಾಗಿತ್ತು.

ಇದನ್ನು ಅರಸರು ಚೆನ್ನಾಗಿ ಅರಿತಿದ್ದರು. 1630ರ ಸುಮಾರಿನಲ್ಲಿ ಷಾಜಹಾನನ ವಜೀರ ಆಸಫ್ ಖಾನನು ಬಿಜಾಪುರದ ಮೇಲೆ ದಂಡೆತ್ತಿ ಬಂದಾಗ ಭಂಗಿ, ಝಂಗಿ ಎಂಬ ನಾಯಕರು ಅಸಂಖ್ಯಾತ ಎತ್ತುಗಳೊಡನೆ ಸೇನೆಯನ್ನು ಪೋಷಿಸಿದರೆಂದೂ, ಅದಕ್ಕೆ ಪ್ರತಿಯಾಗಿ ನೀರಿಗೂ ಹುಲ್ಲಿಗೂ ಅಡ್ಡಿಯಿಲ್ಲದಂತೆ ತಾಮ್ರಶಾಸನವೊಂದನ್ನು ಪಡೆದರೆಂದೂ ಐತಿಹ್ಯವಿದೆ. ಹತ್ತೊಂಬತ್ತನೆಯ ಶತಮಾನದ ಆಂಗ್ಲ ಅಧಿಕಾರಿಗಳು ಇದನ್ನು ಬರೆದಿಟ್ಟಿದ್ದಾರೆ. ಐತಿಹ್ಯವೆಂದು ತಳ್ಳಿಹಾಕಿದರೂ, ಆ ಜನ ರಾಜ್ಯದಿಂದ ಬೇಡಿದ್ದೇನೆಂಬುದು ಇದರಿಂದ ತಿಳಿಯುತ್ತದೆ: ಭೂಮಿಯಲ್ಲ, ದಾರಿ. 1791-92ರಲ್ಲಿ ಶ್ರೀರಂಗಪಟ್ಟಣದತ್ತ ನಡೆದ ಕಾರ್ನ್‌ವಾಲಿಸನ ಸೇನೆಯೂ ಇವರ ಧಾನ್ಯವನ್ನೇ ಉಂಡಿತು.

1871ರಲ್ಲಿ ರೈಲು ರಾಯಚೂರನ್ನು ಮುಟ್ಟಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಜಾಮನ ರೈಲು ಓಡಿತು. ವಾರಗಟ್ಟಲೆಯ ದಾರಿ ಒಂದು ಹಗಲಿಗೆ ಇಳಿಯಿತು. ಅದೇ 1871ರಲ್ಲಿ ಬ್ರಿಟಿಷ್ ಸರ್ಕಾರವು 'ಅಪರಾಧಿ ಬುಡಕಟ್ಟು'ಗಳ ಕಾಯಿದೆಯನ್ನು ಮೊದಲು ಉತ್ತರ ಭಾರತದಲ್ಲಿ ತಂದಿತು. 1911ರ ಕಾಯಿದೆಯಿಂದ ಅದು ಮದರಾಸು ಪ್ರಾಂತಕ್ಕೂ ವಿಸ್ತರಿಸಿತು. ಕಸುಬನ್ನು ಕಳೆದುಕೊಂಡು ಅಲೆಯುವವನು ಕಾಯಿದೆಯ ಕಣ್ಣಿಗೆ ಸಂದೇಹಾಸ್ಪದನಾದನು. ನಿನ್ನೆ ಸೇನೆಯನ್ನು ಸಲಹಿದವನು ಇಂದು ಪೋಲೀಸ್ ಠಾಣೆಯಲ್ಲಿ ಹಾಜರಿ ಹಾಕಬೇಕಾಯಿತು. ಈ ಕಾಯಿದೆ ರದ್ದಾದುದು 1952ರಲ್ಲಿ.

ಆ ಹೊತ್ತಿಗೆ ಬಹುಪಾಲು ತಾಂಡಗಳು ಊರುಗಳ ಅಂಚಿನಲ್ಲಿ, ಕಲ್ಲುನೆಲದಲ್ಲಿ ನೆಲೆನಿಂತಿದ್ದವು. 1956ರ ನವೆಂಬರ್ 1ರಂದು ಹೈದರಾಬಾದು ಸಂಸ್ಥಾನವು ಭಾಷಾನುಗುಣವಾಗಿ ಮೂರು ಪಾಲಾಯಿತು. ಕನ್ನಡಿಗರಾದ ನಮಗೆ ಅದು ಸಂತೋಷದ ದಿನವೇ ಸರಿ. ಬೀದರ, ಗುಲ್ಬರ್ಗ, ರಾಯಚೂರುಗಳು ಮೈಸೂರನ್ನು ಸೇರಿದವು. ಆದರೆ ಮೂರರಲ್ಲಿ ಯಾವ ಭಾಷೆಯೂ ತನ್ನ ಮನೆಮಾತಲ್ಲದ ಲಂಬಾಣಿಗನು ಮೂರು ಕಡೆಗೂ ಹಂಚಿಹೋದನು. ಇಂದು ಅವನು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಒಂದೇ ಕುಲದ ಹೆಣ್ಣು ಗಡಿ ದಾಟಿ ಮದುವೆಯಾದರೆ ಅವಳ ತವರಿನ ವರ್ಗವೇ ಬೇರೆ, ಗಂಡನ ಮನೆಯವರ ವರ್ಗವೇ ಬೇರೆ. 2018ರ ತೆಲಂಗಾಣದ ಪಂಚಾಯತಿ ಕಾಯಿದೆಯಿಂದ ಅನೇಕ ತಾಂಡಗಳು ಸ್ವತಂತ್ರ ಗ್ರಾಮ ಪಂಚಾಯತಿಗಳಾದುದೂ, 2023ರ ಜನವರಿಯಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ ಹೊಸ ಕಂದಾಯ ಗ್ರಾಮಗಳ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಿದುದೂ ಸಣ್ಣ ಸಂಗತಿಗಳಲ್ಲ. ದಾರಿಯನ್ನು ಬೇಡಿದವರಿಗೆ ಕಡೆಗೆ ನೆಲದ ಕಾಗದ ದೊರೆತಿದೆ.

ನುಡಿಯ ಸಂಗತಿ ಇಷ್ಟು ಸುಲಭವಲ್ಲ. 2011ರ ಜನಗಣತಿಯಲ್ಲಿ ಲಂಬಾಣಿಯನ್ನು ತಾಯ್ನುಡಿಯೆಂದು ಬರೆಸಿದವರು 32 ಲಕ್ಷಕ್ಕೂ ಮಿಕ್ಕಿದ್ದರು. ಗಣತಿಯು ಅವರೆಲ್ಲರನ್ನೂ ಹಿಂದಿಯ ಲೆಕ್ಕಕ್ಕೆ ಸೇರಿಸಿತು. ಈ ಗೋರ್ ನುಡಿಗೆ ಪರಂಪರೆಯಿಂದ ಬಂದ ಲಿಪಿಯಿಲ್ಲ. ಬರೆಯುವವರು ಕರ್ನಾಟಕದಲ್ಲಿ ಕನ್ನಡ ಲಿಪಿಯನ್ನೂ, ತೆಲಂಗಾಣದಲ್ಲಿ ತೆಲುಗು ಲಿಪಿಯನ್ನೂ, ಮಹಾರಾಷ್ಟ್ರದಲ್ಲಿ ನಾಗರಿಯನ್ನೂ ಬಳಸುತ್ತಾರೆ. ಚಿಂಚೋಳಿಯ ತಾಂಡದಲ್ಲಿ ಹಾಡಿದ ಹಾಡನ್ನು ತಾಂಡೂರಿನ ನೆಂಟನು ಕೇಳಿ ಅರಿಯಬಲ್ಲನು. ಅದನ್ನೇ ಅಚ್ಚುಮಾಡಿ ಕೊಟ್ಟರೆ ಓದಲಾರನು.