ಸೂರಿಗೇರಿದ ಸೈಕಲ್

ಬೆಳಗಿನ ಬಿಸಿಲು ಓರೆಯಾಗಿ ಒಳಗೆ ಬಂದು ಎದುರಿನ ಗೋಡೆಯ ಮೇಲೆ ಎರಡು ಚಕ್ರಗಳ ನೆರಳು ಮೂಡಿಸಿತ್ತು. ಕತ್ತೆತ್ತಿ ನೋಡಿದರೆ ಕಾರಿನ ಬಾನೆಟ್ಟಿನ ನೇರಕ್ಕೆ, ತಾರಸಿಗೆ ತೂಗುಬಿದ್ದಿದೆ ಒಂದು ಕಪ್ಪು ಸೈಕಲ್. ಧಾರವಾಡದ ಆ ಮನೆಯ ಯಜಮಾನರು ಕಾರನ್ನು ಹಿಂದೆ ಸರಿಸಿ, ಗೋಡೆಯ ಕೊಕ್ಕೆಗೆ ಎಂಟರ ಆಕಾರದಲ್ಲಿ ಸುತ್ತಿದ್ದ ಹಗ್ಗ ಬಿಚ್ಚಿದರು. ನಾನು ಹತ್ತು ಎಣಿಸುವುದರೊಳಗೆ ಸೈಕಲ್ ಸದ್ದಿಲ್ಲದೆ ಕೆಳಗಿಳಿದು, ಎರಡೂ ಚಕ್ರ ಒಟ್ಟಿಗೇ ನೆಲ ಮುಟ್ಟಿ ನಿಂತಿತು. “ಈಗ ನೀವು ಏರಿಸ್ರಿ ನೋಡೋಣ” ಎಂದು ಹಗ್ಗ ನನ್ನ ಕೈಗಿತ್ತರು. ಇಪ್ಪತ್ತು ಕಿಲೋ ಭಾರದ ಸೈಕಲ್ ಬಾವಿಯ ಕೊಡಪಾನದಷ್ಟು ಸಲೀಸಾಗಿ ಮೇಲೆ ಹೋಯಿತು. ಆದರೆ ಮುಂದಿನ ಚಕ್ರ ಮೊದಲು ಏರಿ, ಹಿಂದಿನದು ಜೋತುಬಿದ್ದು, ಇಡೀ ಸೈಕಲ್ ಕೆರಳಿದ ಕುದುರೆಯಂತೆ ನಿಂತುಬಿಟ್ಟಿತು.

ಬಾಗಿಲ ಬಳಿ ಬೀಡಿ ಸೇದುತ್ತ ಕೂತಿದ್ದ ಹಿರಿಯರೊಬ್ಬರು ನಕ್ಕರು. “ಎರಡು ಹಗ್ಗಾನೂ ಒಂದ ಕೈಯಾಗ ಹಿಡೀರಿ. ಇಲ್ಲಂದ್ರ ಪರದೆ ವಾರೆ ಆಗ್ತದ.”

ಸೈಕಲ್ಲಿನ ಮಾತಿನಲ್ಲಿ ಪರದೆ ಎಲ್ಲಿಂದ ಬಂತು? ಸೈಕಲ್ ತೂಗುಹಾಕುವ ಉಪಾಯದ ಬಗ್ಗೆ ಬರೆಯಲೆಂದು ಹೋದವನು ಆ ಮಧ್ಯಾಹ್ನವೆಲ್ಲ ಅವರ ಹಿಂದೆಯೇ ಸುತ್ತಿದೆ.

ಮೊದಲು ಉಪಾಯದ ವಿಷಯ. ಗ್ಯಾರೇಜ್ ಎಂದರೆ ನಮಗೆ ಗಾಡಿ ರಿಪೇರಿ ಅಂಗಡಿ. ಅಮೆರಿಕದಲ್ಲಿ ಅದು ಮನೆಯದೇ ಒಂದು ಭಾಗ. ಕಾರಿನ ಜೊತೆಗೆ ಹುಲ್ಲು ಕತ್ತರಿಸುವ ಯಂತ್ರ, ಏಣಿ, ಮಕ್ಕಳ ಸೈಕಲ್ಲು ಎಲ್ಲ ಅಲ್ಲಿಯೇ. ನೆಲ ತುಂಬಿದ ಮೇಲೆ ಉಳಿದದ್ದು ತಲೆಯ ಮೇಲಿನ ಜಾಗ. ಅದಕ್ಕೆಂದೇ ಹುಟ್ಟಿದ್ದು ಈ ಕಿಟ್: ಸೂರಿಗೆ ಬಿಗಿಯುವ ಎರಡು ಕಬ್ಬಿಣದ ಪಟ್ಟಿ, ಅವುಗಳಲ್ಲಿ ರಾಟೆಗಳು, ರಾಟೆ ಜೋಡಿಸಿದ ಎರಡು ಕೊಕ್ಕೆ, ಉದ್ದನೆಯ ಎರಡು ಹಗ್ಗ, ಕೈಬಿಟ್ಟರೂ ಹಗ್ಗ ಜಾರದಂತೆ ಕಚ್ಚಿಕೊಳ್ಳುವ ಒಂದು ಹಲ್ಲುಬೀಗ. ಒಂದು ಕೊಕ್ಕೆ ಹ್ಯಾಂಡಲ್ಲಿಗೆ, ಇನ್ನೊಂದು ಸೀಟಿನ ಕೆಳಗೆ. ಮಗ ಅಲ್ಲಿಂದ ಸೂಟ್‌ಕೇಸಿನಲ್ಲಿ ತಂದುಕೊಟ್ಟಿದ್ದು, ಈಗ ಇಲ್ಲಿಯೂ ಆನ್‌ಲೈನಿನಲ್ಲಿ ಸಿಗುತ್ತದೆ ಎಂದರು ಯಜಮಾನರು.

ತೊಡಕು ಬಂದದ್ದು ಸೂಚನಾ ಪತ್ರದಲ್ಲಿ. ಸೂರಿನ ಮರದ ತೊಲೆಗೆ ಸ್ಕ್ರೂ ಹಾಕಿ ಎಂದಿತ್ತು. ಅಮೆರಿಕದ ಮನೆಗಳಲ್ಲಿ ಸೂರಿನೊಳಗೆ ಸಾಮಾನ್ಯವಾಗಿ 16 ಇಂಚಿಗೊಂದರಂತೆ ಮರದ ತೊಲೆ ಓಡಿರುತ್ತದೆ. ನಮ್ಮದು ಕಾಂಕ್ರೀಟ್ ತಾರಸಿ. ಕರೆದ ಎಲೆಕ್ಟ್ರಿಷಿಯನ್ ಪ್ಲಾಸ್ಟಿಕ್ ಗಿಟ್ಟಿ ಹೊಡೆದು ಹೋದ. ಮೂರನೆಯ ದಿನ ಗಿಟ್ಟಿ ಸಮೇತ ಪಟ್ಟಿ ಕಿತ್ತುಬಂತು. ಪುಣ್ಯಕ್ಕೆ ಕೆಳಗೆ ಕಾರಿರಲಿಲ್ಲ. ಆಗ ಯಾರೋ ಕರೆತಂದದ್ದು ಬಾಗಿಲ ಬಳಿ ಕೂತಿದ್ದ ಈ ಕಾಕಾನನ್ನು.

ಹೆಸರು ಹಾಕಬಾರದು ಎಂಬುದು ಕಾಕಾನ ಕರಾರು. ವಯಸ್ಸು ಎಪ್ಪತ್ತು ದಾಟಿದೆ. ಒಣಗಿದ ಬಾರುಕೋಲಿನಂಥ ಮೈ. ಹದಿಮೂರನೆಯ ವಯಸ್ಸಿಗೆ ಮನೆ ಬಿಟ್ಟು ನಾಟಕ ಕಂಪನಿ ಸೇರಿದ್ದು ಪಾರ್ಟು ಮಾಡಲೆಂದು. ಕಂಠ ಒಡೆಯಿತು, ಪಾರ್ಟು ಸಿಗಲಿಲ್ಲ. ಕೈಗೆ ಬಂದದ್ದು ಪರದೆಯ ಹಗ್ಗ. ಅದನ್ನು ಸುಮಾರು ಮೂವತ್ತು ವರ್ಷ ಹಿಡಿದರು.

ಕಂಪನಿ ನಾಟಕದ ಪರದೆ ಪಕ್ಕಕ್ಕೆ ಸರಿಯುವುದಲ್ಲ, ಸುರುಳಿ ಸುತ್ತಿಕೊಂಡು ಮೇಲೇರುವುದು. ಅರಮನೆ, ಕಾಡು, ಬೀದಿ ಬರೆದ ದಪ್ಪ ಬಟ್ಟೆ. ಅದರ ಬುಡಕ್ಕೊಂದು ಉದ್ದನೆಯ ಗಳ. ಗಳದ ಎರಡೂ ತುದಿಗೆ ಸುತ್ತಿದ ಹಗ್ಗ ಮೇಲಿನ ಗಡಗಡಿ, ಅಂದರೆ ರಾಟೆ, ದಾಟಿ ಒಂದೇ ಪಕ್ಕಕ್ಕೆ ಬರುತ್ತದೆ. ಎರಡನ್ನೂ ಸಮನಾಗಿ ಎಳೆದರೆ ಅರಮನೆ ಚಾಪೆಯಂತೆ ಸುತ್ತಿಕೊಂಡು ಏರುತ್ತದೆ. ಒಂದು ಗೇಣು ಹೆಚ್ಚು ಕಡಿಮೆಯಾದರೂ ಅರಮನೆ ವಾಲುತ್ತದೆ. ನನ್ನ ಸೈಕಲ್ ವಾಲಿದ್ದೂ ಹಾಗೆಯೇ.

ಬಾದಾಮಿಯ ಬನಶಂಕರಿ ಜಾತ್ರೆಯ ಮಾತು ಬಂದರೆ ಕಾಕಾ ಬೀಡಿಯನ್ನೂ ಮರೆಯುತ್ತಾರೆ. ಬನದ ಹುಣ್ಣಿಮೆಯ ಹೊತ್ತಿಗೆ ಕಂಪನಿಗಳು ಅಲ್ಲಿ ಸಾಲಾಗಿ ಟೆಂಟು ಹಾಕುತ್ತವೆ, ರಾತ್ರಿಯಿಡೀ ಆಟ. “ಆ ಚಳ್ಯಾಗ ಇಬ್ಬನಿ ಬೀಳ್ತದ್ರಿ. ನೂಲಿನ ಹಗ್ಗ ತೊಯ್ದರ ಬಿಗೀತದ, ಗಿಡ್ಡ ಆಗ್ತದ. ನಡುರಾತ್ರಿ ಎದ್ದು ಸಡಲ ಮಾಡಬೇಕು. ಹಗ್ಗಕ್ಕ ಜ್ವರ ಬಂದೈತೇನು ಅಂತ ಮುಟ್ಟಿ ನೋಡಬೇಕು.” ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಏರಸೂದು ಯಾರಾದ್ರೂ ಏರಸ್ತಾರ. ಇಳಸೂದು ಖರೇ ಕೆಲಸ. ದ್ರೌಪದಿ ಅಳೂವಾಗ ಪರದೆ ಧಡ್ ಅಂತ ಬಿತ್ತಂದ್ರ ಮಂದಿ ನಗ್ತಾರ. ಆಕೀ ದುಃಖ ಎಲ್ಲಾ ನೀರಾಗ ಹೋತು.”

ಗಡಗಡಿಯ ಇತಿಹಾಸವೂ ಕಾಕಾನ ಬಾಯಲ್ಲಿ ಎರಡೇ ಮಾತು: ಮೊದಲು ಬಾವಿ, ಆಮೇಲೆ ಪರದೆ. ಹಲವು ರಾಟೆಗಳನ್ನು ಜೋಡಿಸಿ, ಸರಕು ತುಂಬಿದ ಹಡಗನ್ನು ಆರ್ಕಿಮಿಡೀಸ್ ಒಬ್ಬನೇ ಕೂತು ಎಳೆದ ಕಥೆಯನ್ನು ಪ್ರಾಚೀನ ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆದಿದ್ದಾನೆ. ಇಂಗ್ಲೆಂಡಿನ ಹಳೆಯ ಅಡುಗೆಮನೆಗಳಲ್ಲಿ ಒದ್ದೆ ಬಟ್ಟೆಯ ಚೌಕಟ್ಟನ್ನು ಹಗ್ಗ ಎಳೆದು ಒಲೆಯ ಕಾವಿಗೆ ಏರಿಸುತ್ತಿದ್ದರು. ಬೆಂಗಳೂರಿನ ಫ್ಲಾಟುಗಳ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಕೊಳವೆಗಳು ಏರಿಳಿಯುವುದೂ ಇದೇ ಜಾಣತನದಿಂದ. ಸೈಕಲ್ ಆ ಮನೆತನದ ಕಿರಿಯ ಕೂಸು.

ಲೆಕ್ಕ ಸರಳ. ಬಾವಿಯ ರಾಟೆ ಕದಲದೆ ಮೇಲೇ ಕೂತಿರುತ್ತದೆ, ಎಳೆಯುವ ದಿಕ್ಕು ಬದಲಿಸುತ್ತದೆಯೇ ಹೊರತು ಭಾರ ಕಡಿಮೆ ಮಾಡುವುದಿಲ್ಲ. ಇಲ್ಲಿ ಕೊಕ್ಕೆಯ ಜೊತೆ ಇನ್ನೊಂದು ರಾಟೆ ತಾನೂ ಏರುತ್ತದೆ. ಅರ್ಧ ಭಾರವನ್ನು ಸೂರು ಹೊರುತ್ತದೆ, ಅರ್ಧ ನಮ್ಮ ಕೈಗೆ. ಇಪ್ಪತ್ತು ಕಿಲೋ ಸೈಕಲ್ಲಿಗೆ ಹತ್ತು ಕಿಲೋ ಎಳೆತ, ರಾಟೆಯ ತಿಕ್ಕಾಟಕ್ಕೆ ಇನ್ನೊಂದಿಷ್ಟು. ಆದರೆ ಪುಕ್ಕಟೆಯಲ್ಲ: ಸೈಕಲ್ ಎರಡು ಮೀಟರ್ ಏರಬೇಕಾದರೆ ನಾಲ್ಕು ಮೀಟರ್ ಹಗ್ಗ ಎಳೆಯಬೇಕು.

ಕಾಕಾ ಹೆಚ್ಚು ಹೊತ್ತು ಕಳೆಯುವುದು ತಾರಸಿಯ ಕೆಳಗೆ ಕತ್ತೆತ್ತಿ ನಿಂತು. ಲೈಟಿನ ಪಾಯಿಂಟು ಎಲ್ಲಿದೆ, ಸ್ವಿಚ್ಚು ಎಲ್ಲಿದೆ ನೋಡಿ, ನಡುವೆ ವೈರಿನ ಪೈಪು ಹಾದಿರಬಹುದಾದ ದಾರಿಯನ್ನು ಸೀಮೆಸುಣ್ಣದಲ್ಲಿ ಗೀಚಿ, ಅದನ್ನು ಬಿಟ್ಟು ತೂತು ಕೊರೆಯುತ್ತಾರೆ. ಗಿಲಾಯಿ ಸುತ್ತಿಗೆಗೆ ಪೊಳ್ಳು ಸದ್ದು ಕೊಟ್ಟರೆ ಆ ಜಾಗ ಬೇಡ. ಗಿಟ್ಟಿ ಕೂಡದು, ಕಾಂಕ್ರೀಟಿನೊಳಗೆ ಹಿಗ್ಗಿ ಕೂರುವ ಕಬ್ಬಿಣದ ಆಂಕರ್ ಬೋಲ್ಟೇ ಆಗಬೇಕು. ಬಿಗಿದ ಮೇಲೆ ಒಂದೊಂದು ಬೋಲ್ಟಿಗೂ ಹಗ್ಗ ಕಟ್ಟಿ ತಾವೇ ಜೋತುಬೀಳುತ್ತಾರೆ. “ನಾ ತಡದ್ರ ಸೈಕಲ್ ತಡೀತದ.” ಹಂಚಿನ ಮನೆಯಾದರೆ ಕೆಲಸ ಹಗುರ, ತೊಲೆಗೇ ಬಿಗಿಯಬಹುದು. ಕಿಟ್ಟಿನ ಹಲ್ಲುಬೀಗವನ್ನು ಅವರು ನಂಬುವುದಿಲ್ಲ. ಅದು ಕಚ್ಚಿದ ಮೇಲೂ ಹಗ್ಗವನ್ನು ಗೋಡೆಯ ಕೊಕ್ಕೆಗೆ ಎಂಟರ ಆಕಾರದಲ್ಲಿ ಸುತ್ತಲೇಬೇಕು, ಕೊಕ್ಕೆ ಮಕ್ಕಳ ಕೈಗೆ ಎಟುಕಬಾರದು. ಬಿಸಿಲು ಬೀಳುವ ಕಡೆ ನೈಲಾನ್ ಹಗ್ಗ ಪೆಡಸಾಗುತ್ತದೆ, ಆಗಾಗ ಬದಲಿಸಬೇಕು. ಉಳಿದ ಜೋಡಣೆ ಅರ್ಧ ಗಂಟೆಯ ಮಾತು.

ಏರಿಸಲು ಬರುವ ಸೈಕಲ್ಲುಗಳಲ್ಲಿ ಎರಡು ಜಾತಿ. ಒಂದು, ಭಾನುವಾರ ಹೆಲ್ಮೆಟ್ ಹಾಕಿ ಹೊರಡುವವರ ಹಗುರ ಗೇರ್ ಸೈಕಲ್. ಇನ್ನೊಂದು, ಅಪ್ಪನ ಸೈಕಲ್. ಈ ಮನೆಯದು ಎರಡನೆಯದು, ಅಟ್ಲಾಸ್. ಸೋನಿಪತ್ತಿನಲ್ಲಿ 1951ರಲ್ಲಿ ಶುರುವಾದ ಆ ಕಂಪನಿ ಸಾಹಿಬಾಬಾದಿನ ತನ್ನ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅಂದೇ ವಿಶ್ವ ಸೈಕಲ್ ದಿನ. ಯಜಮಾನರ ತಂದೆ ಇದೇ ಸೈಕಲ್ಲಿನಲ್ಲಿ ಶಾಲೆಗೆ ಹೋಗಿ ಪಾಠ ಮಾಡಿದವರು. ಮುನಿಸಿಪಾಲಿಟಿಗೆ ತೆರಿಗೆ ಕಟ್ಟಿ ಪಡೆದ ಬಿಲ್ಲೆ ಇನ್ನೂ ಹ್ಯಾಂಡಲ್ಲಿಗೆ ಅಂಟಿಕೊಂಡಿದೆ. “ಗುಜರಿಗೆ ಕೊಡಲಿಕ್ಕೆ ಮನಸ್ಸಿಲ್ಲ, ಇಡಲಿಕ್ಕೆ ಜಾಗ ಇಲ್ಲ” ಎಂದರು ಅವರು. ಸೂರು ಸಿಕ್ಕಿದ್ದು ಹಾಗೆ.

ಕಾಕಾನಿಗೆ ತಿಂಗಳಿಗೊಂದು ಕೆಲಸ ಸಿಕ್ಕರೆ ಹೆಚ್ಚು. ಮೊಮ್ಮಗ ಮೊಬೈಲ್ ಅಂಗಡಿಯಲ್ಲಿದ್ದಾನೆ, ಗಂಟು ಹಾಕಲು ಕಲಿ ಎಂದರೆ ನಗುತ್ತಾನೆ. ಗುಂಡಿ ಒತ್ತಿದರೆ ಏರುವ ಮೋಟಾರಿನ ಯಂತ್ರವೂ ಬಂದಿದೆ ಎಂದು ನಾನು ಹೇಳಿದ್ದಕ್ಕೆ ಕಾಕಾ ಕೇಳಿದ್ದು ಒಂದೇ ಪ್ರಶ್ನೆ: “ಕರೆಂಟ್ ಹೋದ್ರ ಸೈಕಲ್ ಹ್ಯಾಂಗ ಇಳಸ್ತಾರ?” ಊರಿನ ಹೈಸ್ಕೂಲಿನ ಮಕ್ಕಳಿಗೆ ರಾಟೆಯ ಪಾಠ ಮಾಡುವಾಗ ಇವರನ್ನೊಮ್ಮೆ ಕರೆಸಬಾರದೇಕೆ ಎಂದು ನನಗನ್ನಿಸಿತು. ಕಪ್ಪುಹಲಗೆಯ ಚಿತ್ರ ಮರೆತುಹೋಗಬಹುದು, ಅಂಗೈಯಲ್ಲಿ ಅರ್ಧವಾದ ಭಾರ ಮರೆಯುವುದಿಲ್ಲ.

ಹೊರಡುವಾಗ ಕಾಕಾ ಒಂದು ಗುಟ್ಟು ಹೇಳಿದರು. ಹಳೆಯ ಗಿರಾಕಿಗಳ ಮನೆಗೆ ಹೋದಾಗ ಅವರು ಮೊದಲು ನೋಡುವುದು ಹಗ್ಗದಲ್ಲಿ ಕೈ ಹಿಡಿಯುವ ಜಾಗವನ್ನು. ಸೈಕಲ್ ಇಳಿದು ಏರುತ್ತಿದ್ದರೆ ಅಲ್ಲಿ ಅಂಗೈಯ ಜಿಡ್ಡಿನಿಂದ ಕರ್ರಗಾಗಿರುತ್ತದೆ. ಇಲ್ಲವಾದರೆ ಹಗ್ಗ ಬೆಳ್ಳಗೇ ಇರುತ್ತದೆ, ಗಡಗಡಿಯಲ್ಲಿ ಜೇಡ ಬಲೆ ಕಟ್ಟಿರುತ್ತದೆ. “ಏರಿಸಿ ಮರೀತಾರ್ರೀ. ನಾ ಇಳಸಾಕ ಅಂತ ಹಾಕ್ಕೊಡ್ತೀನಿ.”

ಆ ಮಾತು ಕೇಳಿ ಯಜಮಾನರು ತಮ್ಮ ಹಗ್ಗದತ್ತ ನೋಡಿದರು. ನಾನೂ ನೋಡಿದೆ. ಅಂಗೈ ಅಗಲದಷ್ಟು ಜಾಗ ಮಾತ್ರ ಕಂದಿತ್ತು. ಅದರಲ್ಲಿ ಒಂದಿಷ್ಟು ಆ ದಿನ ನನ್ನ ಕೈಯಿಂದಲೇ ಆದದ್ದು.