ಸುಡೊಕು: ಖಾಲಿ ಮನೆ ತುಂಬುವ ದಾರಿ

ಸುಡೊಕು ಬಿಡಿಸಲು ಗಣಿತ ಬರಲೇಬೇಕೇ?
ಬೇಕಿಲ್ಲ.
ಇಲ್ಲಿ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ.

1979ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬಂದ ಆಟ ಇದು.
ಸುಡೊಕು ಎಂಬ ಹೆಸರು ಜಪಾನಿನದು.

ಒಟ್ಟು 81 ಮನೆ.
9 ಅಡ್ಡಸಾಲು, 9 ಉದ್ದಸಾಲು, ಮೂರಕ್ಕೆ ಮೂರು ಮನೆಗಳ 9 ಚೌಕ.
ಪ್ರತಿಯೊಂದರಲ್ಲೂ 1ರಿಂದ 9ರವರೆಗಿನ ಅಂಕಿ,
ಒಂದೊಂದೂ ಒಂದೇ ಸಲ.

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ ಕಡೆಯ ಅಡಿಕೆ ತೋಟ.
ಒಂದು ಮರದ ಬುಡದಲ್ಲಿ ನಿಂತರೆ
ಅಡ್ಡಕ್ಕೂ ಉದ್ದಕ್ಕೂ ಸಾಲು ನೇರ ಕಾಣುತ್ತದೆ.
ಖಾಲಿ ಮನೆಯಿಂದ ನೋಡುವ ಬಗೆಯೂ ಅದೇ.

ಮೊದಲ ದಾರಿ: ಒಂದು ಅಂಕಿಯ ಜಾಡು.
ಮೇಲಿನ ಎಡ ಚೌಕಕ್ಕೆ 5 ಬೇಕು.
ಮೊದಲ ಸಾಲಿನಲ್ಲಿ, ನಡುವಿನ ಚೌಕದಲ್ಲಿ 5 ಇದೆ.
ಎರಡನೇ ಸಾಲಿನಲ್ಲಿ, ಬಲ ಚೌಕದಲ್ಲೂ ಇದೆ.
ಅಂದರೆ ಎಡ ಚೌಕದ 5 ಮೂರನೇ ಸಾಲಿನಲ್ಲೇ ಇರಬೇಕು.
ಅಲ್ಲಿನ ಮೂರು ಮನೆಗಳಲ್ಲಿ ಎರಡು ತುಂಬಿವೆ.
ಉಳಿದ ಮನೆಯೇ 5ರ ಜಾಗ.

ಎರಡನೇ ದಾರಿ: ಒಂದು ಮನೆಯ ಲೆಕ್ಕ.
ಅದರ ಅಡ್ಡಸಾಲು, ಉದ್ದಸಾಲು, ಚೌಕ
ಮೂರನ್ನೂ ಸೇರಿಸಿ ನೋಡಿದಾಗ
ಎಂಟು ಅಂಕಿ ಸಿಕ್ಕರೆ,
ಸಿಗದ ಒಂಬತ್ತನೆಯದೇ ಉತ್ತರ.

ಮೂರನೇ ದಾರಿ: ಪೆನ್ಸಿಲ್ ಗುರುತು.
ಮನೆಯ ಮೂಲೆಯಲ್ಲಿ, ಬರಬಹುದಾದ ಅಂಕಿಗಳು ಸಣ್ಣದಾಗಿ.
ಒಂದೇ ಸಾಲಿನ ಎರಡು ಮನೆಗಳಲ್ಲಿ
3 ಮತ್ತು 7 ಮಾತ್ರ ಉಳಿದರೆ,
ಆ ಜೋಡಿ ಅಲ್ಲಿಗೇ ಮೀಸಲು.
ಸಾಲಿನ ಬೇರೆ ಮನೆಗಳಿಂದ 3, 7 ಅಳಿಸಬೇಕು.

ಹೆಚ್ಚು ತುಂಬಿದ ಚೌಕದಿಂದ ಶುರುಮಾಡಿದರೆ ಸುಲಭ.
ಒಂದು ಅಂಕಿ ಕೂತರೆ ಇನ್ನೊಂದಕ್ಕೆ ದಾರಿ ತೆರೆಯುತ್ತದೆ.
ಸರಿಯಾದ ಸುಡೊಕುಗೆ ಉತ್ತರ ಒಂದೇ.
ಅಂದಾಜಿನಲ್ಲಿ ಅಂಕಿ ಬರೆಯುವ ಅಗತ್ಯವೇ ಇಲ್ಲ.