ಬೆಚ್ಚನೆಯ ಕಡಲಿನಲ್ಲಿ ಕಯಾಕು ಯಾನ

ಸಾಗರ ಪಟ್ಟಣಕ್ಕೆ ಸಮೀಪದ ವರದಮೂಲದಲ್ಲಿ ಒಂದು ತೀರ್ಥದ ಕೊಳವಿದೆ. ವರದಾ ನದಿಯ ಉಗಮ ಅಲ್ಲಿಯೇ. ಆ ಕೊಳದ ದಂಡೆಯಿಂದ ನೇರ ಗೆರೆಯೆಳೆದು ಅಳೆದರೆ ಅರಬ್ಬೀ ಸಮುದ್ರ ಸುಮಾರು 50 ಕಿಲೋಮೀಟರು ದೂರ. ಆದರೂ ವರದೆ ಆ ಕಡೆಗೆ ಮುಖ ಮಾಡುವುದಿಲ್ಲ. ಉತ್ತರಕ್ಕೂ ಬಳಿಕ ಪೂರ್ವಕ್ಕೂ ಹರಿದು, ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯಾದರೋ ಹೊಸನಗರ, ಸಾಗರ ಸೀಮೆಗಳನ್ನು ಹಾದು, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಪಶ್ಚಿಮ ಸಮುದ್ರಕ್ಕೆ ಬೀಳುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಈ ಶರಾವತಿಯ ನೀರು ಹಿಂದಕ್ಕೆ ಹರಡಿ ನಿಂತಿತು. ಎಷ್ಟೋ ಊರುಗಳು ಅದರಡಿ ಮುಳುಗಿದುವು. ಆ ಹಿನ್ನೀರಿನ ದಂಡೆಯ ಹೊನ್ನೆಮರಡುವಿನಲ್ಲಿ ಇಂದು ತರುಣರು ಕಯಾಕು ನಡೆಸಲು ಕಲಿಯುತ್ತಾರೆ.

ಹಾಗೆ ಕಲಿತ ನಾಲ್ವರು ವಿದ್ಯಾರ್ಥಿಗಳು ಪರದೇಶದ ಬೆಚ್ಚನೆಯ ಕಡಲಿನಲ್ಲಿ ಮೂರು ದಿನ ಯಾನ ಮಾಡಬಯಸಿದರೆನ್ನೋಣ. ಬಂಗಾಳ ಕೊಲ್ಲಿಯ ಆಚೆ, ಅಂಡಮಾನ್ ಸಮುದ್ರದ ಪೂರ್ವದ ಅಂಚಿನಲ್ಲಿ, ಥಾಯ್‌ಲೆಂಡಿನ ಫಾಂಗ್‌ಙಾ ಕೊಲ್ಲಿಯುಂಟು. ಫುಕೆಟ್ ದ್ವೀಪಕ್ಕೂ ಒಳನಾಡಿಗೂ ನಡುವಿನ ಈ ನೀರಿನಲ್ಲಿ ಸುಣ್ಣಕಲ್ಲಿನ ಕಡಿದಾದ ದ್ವೀಪಗಳು ಎದ್ದು ನಿಂತಿವೆ. ಲೋಕದ ನಾನಾ ಕಡೆಗಳಿಂದ ಕಯಾಕಿನವರು ಅಲ್ಲಿಗೆ ಹೋಗುತ್ತಾರೆ. ನಮ್ಮ ನಾಲ್ವರೂ ಅಲ್ಲಿಗೇ ಹೊರಡಲಿ. ಅವರು ಮೊದಲು ಏನನ್ನು ಲೆಕ್ಕ ಹಾಕಬೇಕು?

ಕಯಾಕು ಹುಟ್ಟಿದ್ದು ಬೆಚ್ಚನೆಯ ಕಡಲಿಗಾಗಿ ಅಲ್ಲ. ಉತ್ತರ ಧ್ರುವದ ಸುತ್ತಣ ಹಿಮಭೂಮಿಯ ಇನ್ಯುಯಿಟ್ ಜನ ಮರದ, ಎಲುಬಿನ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು ಅದನ್ನು ನಿರ್ಮಿಸಿದರು. ಮೇಲ್ಭಾಗವೂ ಮುಚ್ಚಿರುವುದು ಅದರ ವೈಶಿಷ್ಟ್ಯ. ಕುಳಿತವನ ಸೊಂಟದ ಸುತ್ತ ಮಾತ್ರ ಒಂದು ಕಂಡಿ. ಎರಡು ತುದಿಗೂ ಅಲಗುಳ್ಳ ಹುಟ್ಟಿನಿಂದ ಅದನ್ನು ನಡೆಸುವರು. ಮುಚ್ಚಳವಿದ್ದುದು ತಣ್ಣೀರು ಒಳನುಗ್ಗದಿರಲೆಂದು. 10 ಡಿಗ್ರಿ ಸೆಲ್ಸಿಯಸಿನ ನೀರಿಗೆ ಬಿದ್ದವನಿಗೆ ಮೊದಲ ಮಿನಿಟಿನಲ್ಲೇ ಉಸಿರು ಹಿಡಿತ ತಪ್ಪುತ್ತದೆ, ಸ್ವಲ್ಪ ಹೊತ್ತಿನಲ್ಲಿ ಕೈಬೆರಳುಗಳು ಹುಟ್ಟನ್ನು ಹಿಡಿಯಲಾರವು. ಫಾಂಗ್‌ಙಾದ ನೀರಾದರೆ 28ರಿಂದ 30 ಡಿಗ್ರಿ. ಅಲ್ಲಿ ದೋಣಿ ಮಗುಚಿದರೆ ನಗುತ್ತಾ ಮತ್ತೆ ಹತ್ತಬಹುದು. ಈ ನಗುವೇ ಹೊಸಬರಿಗೆ ಮೋಸ ಮಾಡುತ್ತದೆಂದು ನಮ್ಮ ಅಭಿಪ್ರಾಯ. ತಣ್ಣನೆಯ ಕಡಲು ತನ್ನ ಅಪಾಯವನ್ನು ಮುಟ್ಟಿದೊಡನೆ ತಿಳಿಸುತ್ತದೆ. ಬೆಚ್ಚನೆಯ ಕಡಲು ಗಂಟೆಗಟ್ಟಲೆ ಏನನ್ನೂ ಹೇಳುವುದಿಲ್ಲ. ಅಲ್ಲಿಯ ವೈರಿಗಳು ಬಿಸಿಲು, ಬಾಯಾರಿಕೆ, ಗಾಳಿ ಮತ್ತು ಉಬ್ಬರ-ಇಳಿತ. ಇವೆಲ್ಲವೂ ಮೊದಲೇ ಲೆಕ್ಕಕ್ಕೆ ಸಿಗುವಂಥವು ಎಂಬುದೊಂದು ಸಮಾಧಾನ.

ಮೊದಲು ಋತು. ನಮ್ಮ ಕರಾವಳಿಯ ಮೇಲೆ ಜೂನ್‌ನಿಂದ ಬೀಸುವ ನೈರುತ್ಯ ಮಾರುತವೇ ಅಂಡಮಾನ್ ಸಮುದ್ರವನ್ನು ದಾಟಿ ಥಾಯ್‌ಲೆಂಡಿನ ಪಶ್ಚಿಮ ದಂಡೆಯನ್ನೂ ಹೊಡೆಯುತ್ತದೆ. ಆದುದರಿಂದ ಅಲ್ಲಿ ಕಯಾಕಿಗೆ ತಕ್ಕ ಕಾಲ ನವೆಂಬರಿನಿಂದ ಏಪ್ರಿಲ್‌ವರೆಗೆ. ಅದೇ ದೇಶದ ಪೂರ್ವ ದಂಡೆಯಲ್ಲಿರುವ ಸಮುಯಿ ದ್ವೀಪದಲ್ಲಿ ನವೆಂಬರಿನಲ್ಲಿಯೇ ಮಳೆ ವಿಪರೀತ. ಒಂದೇ ಭೂಭಾಗದ ಎರಡು ಮಗ್ಗುಲಿಗೆ ಎರಡು ಬಗೆಯ ಮಳೆಯೇ ಎಂದು ಮಲೆನಾಡಿನವರು ಬೆರಗಾಗಬೇಕಿಲ್ಲ. ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವಾಗ ಪೂರ್ವದ ಚಿತ್ರದುರ್ಗ ಮುಗಿಲು ನೋಡುತ್ತಿರುತ್ತದೆ. ‘ಥಾಯ್‌ಲೆಂಡಿಗೆ ಯಾವ ತಿಂಗಳು ಒಳ್ಳೆಯದು?’ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಯಾವ ದಂಡೆಗೆ ಎಂದು ಕೇಳಬೇಕು.

ಮಾರುತಗಳಿಗೆ ತಲೆಬಾಗಿ ನಡೆದ ದೊಡ್ಡ ಯಾತ್ರೆಯೊಂದುಂಟು. ಜರ್ಮನಿಯ ಆಸ್ಕರ್ ಸ್ಪೆಕ್ ಎಂಬಾತ 1932ರಲ್ಲಿ ಊಲ್ಮ್ ನಗರದ ಬಳಿ ಡ್ಯಾನ್ಯೂಬ್ ನದಿಗೆ ಮಡಿಚಿಡಬಹುದಾದ ಕಯಾಕೊಂದನ್ನು ಇಳಿಸಿದನು. ಆತ ಭಾರತದ ಪಶ್ಚಿಮ ಕರಾವಳಿಯಗುಂಟ ಸಾಗಿ 1935ರಲ್ಲಿ ಸಿಂಹಳವನ್ನು ಸೇರಿದನು. 1939ರಲ್ಲಿ ಆಸ್ಟ್ರೇಲಿಯದ ಉತ್ತರ ತುದಿಯ ಸೈಬೈ ದ್ವೀಪವನ್ನು ಮುಟ್ಟಿದನು. ಅಷ್ಟರಲ್ಲಿ ಮಹಾಯುದ್ಧ ಮೊದಲಾಗಿತ್ತು. ಏಳು ವರ್ಷ ಹುಟ್ಟು ಹಾಕಿ ಬಂದವನನ್ನು ಶತ್ರುದೇಶದವನೆಂದು ಸೆರೆಯಲ್ಲಿಟ್ಟರು!

ಇನ್ನು ಉಬ್ಬರ-ಇಳಿತದ ವಿಚಾರ. ಹೊನ್ನೆಮರಡುವಿನ ಹಿನ್ನೀರು ಋತುವಿಗನುಸಾರ ಏರಿ ತಗ್ಗುತ್ತದೆ. ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಫಾಂಗ್‌ಙಾದಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಈ ಏರಿಳಿತ ಎರಡೂವರೆ ಮೀಟರಿನ ಆಸುಪಾಸಿಗೆ ಬರುತ್ತದೆ. ಸೂರ್ಯಚಂದ್ರರ ಸೆಳೆತಗಳು ಆಗ ಒಂದೇ ಗೆರೆಯಲ್ಲಿ ಕೂಡುತ್ತವೆ. ಅಷ್ಟಮಿಯ ಸುಮಾರಿಗೆ ಅಡ್ಡಡ್ಡಲಾಗಿ ಎಳೆದು ಏರಿಳಿತ ಕುಗ್ಗುತ್ತದೆ. ಆದುದರಿಂದ ಯಾನದ ದಿನಗಳನ್ನು ಗೊತ್ತುಮಾಡುವಾಗ ಮನೆಯ ಪಂಚಾಂಗವೂ ಉಪಯೋಗಕ್ಕೆ ಬರುತ್ತದೆ, ಮುಹೂರ್ತಕ್ಕಾಗಿ ಅಲ್ಲ, ತಿಥಿಗಾಗಿ. ಗಂಟೆ-ಮಿನಿಟುಗಳಿಗೆ ಮಾತ್ರ ಆ ಸ್ಥಳದ ಉಬ್ಬರದ ಕೋಷ್ಟಕವೇ ಬೇಕು. ಥಾಯ್‌ಲೆಂಡಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದಿದೆ ಎಂಬುದನ್ನೂ ಮರೆಯಬಾರದು.

ಆ ದ್ವೀಪಗಳ ಸ್ವಾರಸ್ಯವೆಲ್ಲ ಅವುಗಳ ಹೊಟ್ಟೆಯೊಳಗಿದೆ. ಕುಮಟಾ ಸಮೀಪದ ಯಾಣದ ಬಂಡೆಗಳನ್ನು ಕಂಡವರಿಗೆ ಸುಣ್ಣಕಲ್ಲು ಎಂಥ ರೂಪಗಳನ್ನು ತಳೆಯಬಲ್ಲುದೆಂಬುದು ಗೊತ್ತು. ಗಾಳಿಯ ಇಂಗಾಲಾಮ್ಲವನ್ನು ಹೀರಿದ ಮಳೆನೀರು ಈ ಕಲ್ಲನ್ನು ಮೆಲ್ಲಮೆಲ್ಲನೆ ಕರಗಿಸುತ್ತದೆ. ಒಳಗೆ ಗವಿ ಕೊರೆದು, ಚಾವಣಿ ಕುಸಿದರೆ, ನಾಲ್ಕೂ ಕಡೆ ಗೋಡೆಯೆದ್ದು ಮೇಲೆ ಆಕಾಶ ತೋರುವ ಅಂಗಳವೊಂದು ಉಳಿಯುತ್ತದೆ. ಥಾಯ್ ಜನ ಇದನ್ನು ‘ಹಾಂಗ್’ ಎನ್ನುತ್ತಾರೆ, ಕೋಣೆ ಎಂದರ್ಥ. ಅನೇಕ ಹಾಂಗ್‌ಗಳಿಗೆ ದಾರಿಯೆಂದರೆ ನೀರಿನ ಮಟ್ಟದ ಒಂದು ಸುರಂಗ. ತೀರ ಇಳಿತದಲ್ಲಿ ದೋಣಿ ತೇಲದು, ತುಂಬಿದ ಉಬ್ಬರದಲ್ಲಿ ಸುರಂಗವೇ ಮುಳುಗುವುದು.

ಒಂದು ಲೆಕ್ಕ ಮಾಡೋಣ. ಬೆಳಿಗ್ಗೆ 6ಕ್ಕೆ ಪೂರ್ಣ ಇಳಿತ, 12ಕ್ಕೆ ಪೂರ್ಣ ಉಬ್ಬರ, ನಡುವಣ ಏರಿಕೆ 240 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ನೀರು ಆರು ಗಂಟೆಯೂ ಒಂದೇ ವೇಗದಲ್ಲಿ ಏರುವುದಿಲ್ಲ. ನಾವಿಕರು ಇದಕ್ಕೆ ಹನ್ನೆರಡನೆಯ ಭಾಗಗಳ ಸೂತ್ರವೊಂದನ್ನು ಇಟ್ಟುಕೊಂಡಿದ್ದಾರೆ: ಮೊದಲ ಗಂಟೆ ಒಂದು ಭಾಗ, ಎರಡನೆಯದು ಎರಡು, ಮುಂದಿನ ಎರಡು ಗಂಟೆ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ನಮ್ಮ ಲೆಕ್ಕದಲ್ಲಿ ಇದು 20, 40, 60, 60, 40, 20 ಸೆಂಟಿಮೀಟರು. ಎಂದರೆ 8ರಿಂದ 10ರವರೆಗೆ ನೀರು ಮಿನಿಟಿಗೊಂದು ಸೆಂಟಿಮೀಟರಿನಂತೆ ಏರುತ್ತದೆ. ನಮ್ಮ ನಾಲ್ವರು 8 ಗಂಟೆಗೆ ಸುರಂಗವನ್ನು ಹೊಕ್ಕಾಗ ಚಾವಣಿ ನೀರಿನಿಂದ 130 ಸೆಂಟಿಮೀಟರು ಮೇಲಿತ್ತು. ಕುಳಿತವನ ತಲೆಗೆ 90 ಸೆಂಟಿಮೀಟರು ಬೇಕು. ಉಳಿದದ್ದು 40, ಎಂದರೆ 40 ಮಿನಿಟು! ಒಳಗಿನ ಕೊಳ ಅಲುಗದೆ ನಿಂತಿರುತ್ತದೆ, ಮರಗಳ ಮೇಲೆ ಕೋತಿಗಳಿರುತ್ತವೆ, ಚಿತ್ರ ತೆಗೆಯುವ ಆಸೆ ಯಾರಿಗಿರುವುದಿಲ್ಲ? 8 ಗಂಟೆ 40 ಮಿನಿಟಿನ ಅನಂತರ ಕುಳಿತು ಹೊರಬರಲಾಗದು. ದೋಣಿಯಲ್ಲಿ ಅಂಗಾತ ಮಲಗಿ ಚಾವಣಿಗೆ ಕೈಯೂರಿ ಜಾರಬೇಕು. 10 ಕಳೆದು ಕಾಲು ಗಂಟೆಯೊಳಗೆ ಚಾವಣಿಯೇ ನೀರನ್ನು ಮುಟ್ಟುತ್ತದೆ. ಆ ಬಳಿಕ ಕುಳಿತು ಬರುವಷ್ಟು ದಾರಿ ಬಿಡುವುದು ಮಧ್ಯಾಹ್ನ 3 ಗಂಟೆ 20 ಮಿನಿಟಿಗೆ. ತಾಳ್ಮೆಯೂ ಕುಡಿಯುವ ನೀರೂ ಇದ್ದರೆ ಅದು ಬರಿಯ ಸೆರೆ. ಗಾಬರಿಯಾಗಿ ಮುಳುಗುತ್ತಿರುವ ಸುರಂಗಕ್ಕೆ ನುಗ್ಗಿದರೆ ಸಾವು. ಸ್ಥಳದ ಮಾರ್ಗದರ್ಶಕನಿಲ್ಲದೆ ಹೊಸಬರು ಈ ಸುರಂಗಗಳನ್ನು ಹೊಗಲೇಬಾರದು.

ನೀರು ಏರಬೇಕಾದರೆ ಎಲ್ಲಿಂದಲೋ ಹರಿದು ಬರಬೇಕಷ್ಟೆ. ದ್ವೀಪಗಳ ನಡುವಿನ ಇಕ್ಕಟ್ಟಿನಲ್ಲಿ ಆ ಹರಿವು ಗಂಟೆಗೆ 2 ಕಿಲೋಮೀಟರು ಇದ್ದರೂ ಸಾಕು. ಕಯಾಕಿನ ವೇಗ 5 ಕಿಲೋಮೀಟರು. 3 ಕಿಲೋಮೀಟರಿನ ಅಡ್ಡದಾರಿಯನ್ನು ಎದುರಿನ ದಡಕ್ಕೆ ನೇರವಾಗಿ ಮುಖವಿಟ್ಟು ದಾಟುವವನು 36 ಮಿನಿಟಿನಲ್ಲಿ 1.2 ಕಿಲೋಮೀಟರು ಕೊಚ್ಚಿಹೋಗಿರುತ್ತಾನೆ. ಪ್ರವಾಹದ ಕಡೆಗೆ ಸುಮಾರು 24 ಡಿಗ್ರಿ ಓರೆಯಾಗಿ ಮುಖವಿಟ್ಟರೆ ನೇರವಾಗಿಯೇ ಮುಟ್ಟುವನು; ಮೂರೇ ಮಿನಿಟು ಹೆಚ್ಚು. ತರಗತಿಯಲ್ಲಿ ಕಲಿತ ತ್ರಿಕೋನಮಿತಿಯಿಂದ ಇದನ್ನು ಪರೀಕ್ಷಿಸಿಕೊಳ್ಳಬಹುದು.

ಗಾಳಿಗೆ ಇಷ್ಟು ನಿಯಮವಿಲ್ಲ. ಆದರೂ ಹಗಲೇರಿದಂತೆ ನೆಲ ಕಾದು ಕಡಲಗಾಳಿ ಏಳುವುದು ಎಲ್ಲ ಬೆಚ್ಚನೆಯ ಕರಾವಳಿಗಳ ಪದ್ಧತಿ. ನಸುಕಿಗೆ ಹೊರಟು ಮಧ್ಯಾಹ್ನದೊಳಗೆ ದಡ ಸೇರುವುದು ಲೇಸು. ಗಾಳಿಯ ವೇಗ ಇಮ್ಮಡಿಸಿದರೆ ಅದರ ಒತ್ತಡ ನಾಲ್ಮಡಿಯಾಗುತ್ತದೆ. ಚಳಿಗಾಲದ ಈಶಾನ್ಯ ಮಾರುತವಂತೂ ಅಲ್ಲಿ ನೆಲದಿಂದ ಕಡಲಿನ ಕಡೆಗೆ ಬೀಸುತ್ತದೆ. ದಡದ ಮರೆಯಲ್ಲಿ ನೀರು ತಿಳಿಯಾಗಿ ಕಾಣುವುದು, ಮರೆ ದಾಟಿದೊಡನೆ ಗಾಳಿ ಹೊರಕ್ಕೆ ನೂಕುವುದು.

ಕುಡಿಯುವ ನೀರಿನ ಲೆಕ್ಕ ಸುಲಭ, ಹೊರೆ ಮಾತ್ರ ಭಾರಿ. ಬಿಸಿಲಿನಲ್ಲಿ ದುಡಿಯುವವನಿಗೆ ಅಡಿಗೆಯೂ ಸೇರಿ ದಿನಕ್ಕೆ 5 ಲೀಟರು ಹಿಡಿದರೆ, ನಾಲ್ವರಿಗೆ ಮೂರು ದಿನಕ್ಕೆ 60, ಆಪತ್ಕಾಲದ ಒಂದು ದಿನಕ್ಕೆ ಇನ್ನೂ 20. ಒಟ್ಟು 80 ಕಿಲೋಗ್ರಾಮು. ಅಗೆದಲ್ಲಿ ಒರತೆ ಕಾಣುವ ಮಲೆನಾಡಿನವರಿಗೆ ಇದು ಅತಿಯೆನಿಸಬಹುದು. ಆದರೆ ಸುಣ್ಣಕಲ್ಲಿನ ಬಿರುಕುಗಳಲ್ಲಿ ಮಳೆನೀರು ನಿಲ್ಲದೆ ಇಳಿದುಹೋಗುತ್ತದೆ. ಆ ದ್ವೀಪಗಳಲ್ಲಿ ಸಿಹಿನೀರನ್ನು ನಂಬುವಂತಿಲ್ಲ. ಸಮುದ್ರದ ನೀರೋ, ಲೀಟರಿಗೆ ಸುಮಾರು 35 ಗ್ರಾಮು ಉಪ್ಪು. ನಮ್ಮ ಮೂತ್ರಪಿಂಡಗಳು ಅಷ್ಟು ಸಾಂದ್ರವಾದ ಮೂತ್ರವನ್ನು ಮಾಡಲಾರವು. ಕುಡಿದ ಉಪ್ಪನ್ನು ಹೊರಹಾಕಲು ಕುಡಿದದ್ದಕ್ಕಿಂತ ಹೆಚ್ಚು ನೀರನ್ನು ಮೈಯೇ ತೆರಬೇಕಾಗುತ್ತದೆ.

ಹೊರಡುವ ಮುನ್ನ ಅಭ್ಯಾಸಕ್ಕೆ ಮಲೆನಾಡಿನಿಂದ ದೂರ ಹೋಗಬೇಕಾಗಿಲ್ಲ. ಮಗುಚಿದ ದೋಣಿಯನ್ನು ನೆಟ್ಟಗೆ ಮಾಡಿ ನೀರಿನಿಂದಲೇ ಹತ್ತುವುದನ್ನು ಹೊನ್ನೆಮರಡುವಿನಲ್ಲಿ, ತೇಲಂಗಿ ತೊಟ್ಟು, ಹೊರೆ ತುಂಬಿದ ದೋಣಿಯಲ್ಲಿಯೇ ಕಲಿಯಬೇಕು. ಆಮೇಲೆ ಚಳಿಗಾಲದಲ್ಲೊಮ್ಮೆ ಬಲ್ಲವರೊಡನೆ ಹೊನ್ನಾವರದ ಅಳಿವೆಯ ಒಳಭಾಗಕ್ಕೆ ಹೋಗಿ, ಕೋಷ್ಟಕ ಹೇಳಿದ ಹೊತ್ತಿಗೆ ನೀರು ತಿರುಗುವುದನ್ನು ಕಣ್ಣಾರೆ ನೋಡಬೇಕು. ಇಳಿತದ ನೀರು ಹೊರಗೆ ಓಡುತ್ತಿರುವಾಗ ಕಡಲಗಾಳಿ ಎದುರಾಗಿ ಬೀಸಿದರೆ ಅಳಿವೆಯ ಬಾಯಲ್ಲಿ ಅಲೆಗಳು ಹೇಗೆ ಕಡಿದಾಗುತ್ತವೆಂಬುದನ್ನು ದಡದಲ್ಲಿ ನಿಂತು ಗಮನಿಸಿದರೆ ಸಾಕು, ಅದರೊಳಗೆ ಹೋಗಬೇಕಾದುದಿಲ್ಲ.

ಕೋಷ್ಟಕ ಹೇಳದ ಹೊತ್ತಿನಲ್ಲಿ ಕಡಲು ಒಮ್ಮೆಲೆ ಹಿಂದಕ್ಕೆ ಸರಿದರೆ ಎಲ್ಲವನ್ನೂ ಬಿಟ್ಟು ಎತ್ತರದ ನೆಲಕ್ಕೆ ಓಡತಕ್ಕದ್ದು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಥಾಯ್‌ಲೆಂಡಿನೊಳಗೆ ಅತಿ ಹೆಚ್ಚು ನೊಂದದ್ದು ಫಾಂಗ್‌ಙಾ ಪ್ರಾಂತವೇ. ಕೊಲ್ಲಿಯ ಒಂದು ಭಾಗ 1981ರಿಂದ ರಾಷ್ಟ್ರೀಯ ಉದ್ಯಾನವಾಗಿದೆ. ಅಲ್ಲಿ ತಂಗುವುದಕ್ಕೆ ಅನುಮತಿ ಬೇಕೇ ಎಂಬುದನ್ನು ಮೊದಲೇ ವಿಚಾರಿಸಬೇಕು. ಕಯಾಕನ್ನು ಅಲ್ಲಿಯೇ ಬಾಡಿಗೆಗೆ ಪಡೆಯುವುದು ಅಗ್ಗ. ಇಷ್ಟೆಲ್ಲ ಆದಮೇಲೆ ಒಂದು ಹಾಳೆಯಲ್ಲಿ ನಾಲ್ವರ ಹೆಸರು, ದೋಣಿಗಳ ಬಣ್ಣ, ದಿನದಿನದ ದಾರಿ, ತಂಗುವ ದಡ, ಮರಳುವ ಹೊತ್ತು ಇವನ್ನು ಬರೆದು ಒಂದು ಪ್ರತಿಯನ್ನು ದೋಣಿ ಕೊಟ್ಟವನಲ್ಲಿಯೂ ಇನ್ನೊಂದನ್ನು ಮನೆಯಲ್ಲಿಯೂ ಇಡಬೇಕು. ಎಷ್ಟು ಗಂಟೆಯವರೆಗೆ ಸುದ್ದಿ ಬಾರದಿದ್ದರೆ ಹುಡುಕಲು ತೊಡಗಬೇಕೆಂಬುದನ್ನು ಆ ಹಾಳೆಯ ತುದಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಿರಬೇಕು.